ಸಾವಿನ ಮನೆಯಲ್ಲಿ ಸ್ನೇಹಿತರ ಹೊಣೆ

ಸಾವಾದ ಮನೆಗೆ ಕರೆಗಾಗಿ ಕಾಯದೆ ಹೋಗಿ ಮಾತನಾಡಿಸಿ ಬರುವುದು ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ಇಂದಿಗೂ ಉಳಿದಿರುವ ರೂಢಿ. ಅನೇಕ ಮನೆಗಳಲ್ಲಿ ಅಂತ್ಯಕ್ರಿಯೆ ಮುಗಿಯುವವರೆಗೆ ಒಲೆ ಹಚ್ಚುವುದಿಲ್ಲ. ನೆರೆಹೊರೆಯವರು ಅಡುಗೆ ಮಾಡಿ ತರುತ್ತಾರೆ. ಮುಸ್ಲಿಮರಲ್ಲೂ ಮೃತರ ಮನೆಯವರಿಗೆ ಊಟ ಒದಗಿಸುವುದು ನೆರೆಯವರ ಕರ್ತವ್ಯ. ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನದೆ ಸುಮ್ಮನೆ ಏಳುವುದು ಹಲವು ಹಿಂದೂ ಮನೆಗಳ ವಾಡಿಕೆ.

‘ಅಳಬೇಡ’, ‘ಎಲ್ಲ ವಿಧಿ’ ಎಂಬ ಉಪದೇಶಕ್ಕಿಂತ, ಅಗಲಿದವರ ಒಂದು ಒಳ್ಳೆಯ ನೆನಪನ್ನು ಹೇಳಿ, ಗೆಳೆಯನ ಮಾತಿಗೆ ಕಿವಿಗೊಡುವುದು ಹೆಚ್ಚು ಸಮಾಧಾನ ಕೊಡುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆ ಓಡಾಟದಲ್ಲಿ ಜೊತೆಯಾಗುವುದೂ ಸಾಂತ್ವನವೇ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಂಟಿತನ ಹೆಚ್ಚು ಕಾಡುತ್ತದೆ. ಸ್ನೇಹಿತರು ಆಗ ತಪ್ಪದೆ ಮತ್ತೊಮ್ಮೆ ಹೋಗಿ ಬರಬೇಕು.