ಕಫದ ಡಬ್ಬಿ ಮತ್ತು ಡಾ. ಮಾಹ್ಲರ್

ಹರಿಹರದಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಕ್ಷಯರೋಗದ ಪರೀಕ್ಷೆಗಾಗಿ ಅದರಲ್ಲಿ ಕಫ ತಂದುಕೊಡಬೇಕು.

ಈ ಪದ್ಧತಿ ಹಳ್ಳಿ ಹಳ್ಳಿಗೆ ಬಂದ ಕಥೆಯಲ್ಲಿ ಡೆನ್ಮಾರ್ಕಿನ ವೈದ್ಯರೊಬ್ಬರಿದ್ದಾರೆ: ಹಾಫ್ಡಾನ್ ಮಾಹ್ಲರ್. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ 1951ರಲ್ಲಿ ಭಾರತಕ್ಕೆ ಬಂದ ಅವರು ಸುಮಾರು ಹತ್ತು ವರ್ಷ ಇಲ್ಲೇ ಕ್ಷಯರೋಗದ ವಿರುದ್ಧ ದುಡಿದರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಭಾರತೀಯ, ವಿದೇಶಿ ವೈದ್ಯರು ಒಟ್ಟಾಗಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಇಳಿದರು.

ರೋಗಿಗಳು ತಾವಾಗಿಯೇ ಚಿಕಿತ್ಸೆಗೆ ಬರುತ್ತಾರೆಯೇ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಕಣ್ಣು ತೆರೆಸುವಂಥದ್ದು. ಆ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಷಯ ಪತ್ತೆಯಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಆಸ್ಪತ್ರೆಗೆ ಹೋಗಿಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು, ಅಷ್ಟೇ. ತಪ್ಪು ಹಳ್ಳಿಯವರದಾಗಿರಲಿಲ್ಲ.

1962ರಲ್ಲಿ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೇ ತಂದಿತು. ಗಾಜಿನ ಮೇಲೆ ಸವರಿದ ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿಯ ನಡುವೆ ಕೆಂಪು ಗೆರೆಗಳಂತೆ ರೋಗಾಣು ಕಾಣುತ್ತದೆ.

ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. 1978ರ ಅಲ್ಮಾ ಆಟಾ ಸಮ್ಮೇಳನ ಎಲ್ಲರಿಗೂ ಆರೋಗ್ಯ ಎಂದು ಸಾರಿದ್ದು ಅವರ ಕಾಲದಲ್ಲೇ.

ದಾವಣಗೆರೆಯಲ್ಲಿದ್ದರೆ ಚಿಗಟೇರಿ ಆಸ್ಪತ್ರೆ ಇದೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.