ಗ್ರಾಫಿಕ್ಸ್ ಕಾರ್ಡು: ಹೆಸರು ಒಂದು, ರೂಪ ಹಲವು

ಗಣಕಯಂತ್ರದ ಪರದೆಯ ಮೇಲೆ ಮೂಡುವ ಚಿತ್ರಗಳನ್ನು ರಚಿಸುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು. ಲೆಕ್ಕ ಮಾಡುವ ಚಿಪ್, ಆ ಲೆಕ್ಕಕ್ಕೆ ಬೇಕಾದುದನ್ನು ಹಿಡಿದಿಡುವ ಮೆಮೊರಿ, ವಿದ್ಯುತ್ತನ್ನು ಹದಗೊಳಿಸಿ ಒದಗಿಸುವ ಭಾಗ, ತಾಪವನ್ನು ಹೊರಹಾಕುವ ಫ್ಯಾನು, ಇವು ಅದರ ಮುಖ್ಯ ಅಂಗಗಳು. ಆಟಗಳ ನೆರಳಿನಲ್ಲಿ ಬೆಳೆದ ಈ ಸಾಧನವು ಇಂದು ನಕ್ಷೆಗಳ ರಚನೆಗೂ, ಚಲಚ್ಚಿತ್ರ ಸಂಕಲನಕ್ಕೂ, ಕೃತಕ ಬುದ್ಧಿಮತ್ತೆಯ ಅಧ್ಯಯನಕ್ಕೂ ಬಳಕೆಯಾಗುತ್ತಿದೆ. ಆದುದರಿಂದ ಶಾಲೆಯ ಪ್ರಯೋಗಾಲಯಕ್ಕೆ ಇದನ್ನು ಕೊಳ್ಳುವವರೂ ದಾನವಾಗಿ ನೀಡುವವರೂ ಎರಡು ಸಂಗತಿಗಳನ್ನು ಅರಿತಿರುವುದು ಲೇಸು. ಒಂದೇ ಹೆಸರಿನ ಕಾರ್ಡುಗಳೆಲ್ಲವೂ ಒಂದೇ ಆಗಿರುವುದಿಲ್ಲ ಎಂಬುದು ಮೊದಲನೆಯದು. ಕಾರ್ಡಿನ ವೇಗವನ್ನು ನಿಗದಿಗಿಂತ ಹೆಚ್ಚಿಸುವ ‘ಓವರ್‌ಕ್ಲಾಕಿಂಗ್’ ಕ್ರಮಕ್ಕೆ ಲಾಭವಿರುವಂತೆ ಮಿತಿಯೂ ಉಂಟೆಂಬುದು ಎರಡನೆಯದು.

ಮೊದಲನೆಯದಕ್ಕೆ ಎನ್‌ವಿಡಿಯಾ ಸಂಸ್ಥೆಯ ಜಿಟಿ 1030 ಉತ್ತಮ ನಿದರ್ಶನ. 2017ರಲ್ಲಿ ಬಂದ ಈ ಕಾರ್ಡಿನಲ್ಲಿ ಜಿಡಿಡಿಆರ್5 ಜಾತಿಯ ಮೆಮೊರಿಯಿತ್ತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ರೂಪ ಮಾರುಕಟ್ಟೆಗೆ ಬಂದಿತು. ಎರಡರಲ್ಲಿಯೂ ಮೆಮೊರಿಯ ಪ್ರಮಾಣ 2 ಜಿಬಿಯೇ. ಆದರೆ ಮೊದಲನೆಯದು ಕ್ಷಣಕ್ಕೆ 48 ಜಿಬಿ ಮಾಹಿತಿಯನ್ನು ಸಾಗಿಸಬಲ್ಲುದಾದರೆ, ಎರಡನೆಯದು ಸಾಗಿಸುವುದು ಸುಮಾರು 17 ಜಿಬಿ ಮಾತ್ರ. ಅಂತೆಯೇ 2016ರ ಜಿಟಿಎಕ್ಸ್ 1060ರ 6 ಜಿಬಿ ರೂಪದಲ್ಲಿ 1280 ಗಣನಾ ಘಟಕಗಳಿದ್ದರೆ, 3 ಜಿಬಿ ರೂಪದಲ್ಲಿ ಇದ್ದುದು 1152. ಹೆಸರನ್ನು ಮಾತ್ರ ನೋಡಿದವರು, ವ್ಯತ್ಯಾಸವು ಮೆಮೊರಿಯ ಪ್ರಮಾಣದಲ್ಲಿ ಮಾತ್ರವೆಂದು ತಿಳಿಯುವುದು ಸಹಜ.

ಕೆಲವೊಮ್ಮೆ ಭೇದವು ಇನ್ನೂ ಸೂಕ್ಷ್ಮವಾಗಿರುತ್ತದೆ. ಜಿಟಿಎಕ್ಸ್ 1070 ಕಾರ್ಡುಗಳಲ್ಲಿ ಮೊದಲು ಸ್ಯಾಮ್‌ಸಂಗ್ ಮೆಮೊರಿಯಿದ್ದು, ಅನಂತರ ಬಂದವುಗಳಲ್ಲಿ ಮೈಕ್ರಾನ್ ಮೆಮೊರಿಯೂ ಸೇರಿತು. ಮೈಕ್ರಾನ್ ಮೆಮೊರಿಯ ಕಾರ್ಡುಗಳ ವೇಗವನ್ನು ಹೆಚ್ಚಿಸಿದಾಗ ಪರದೆಯಲ್ಲಿ ದೋಷಗಳು ಕಾಣಿಸಿಕೊಂಡವು. 2016ರ ಕೊನೆಯ ತಿಂಗಳುಗಳಲ್ಲಿ ತಯಾರಕರು ಕಾರ್ಡಿನ ಬಯಾಸ್ ತಂತ್ರಾಂಶಕ್ಕೆ ತಿದ್ದುಪಡಿ ನೀಡಬೇಕಾಯಿತು. ಇದರಿಂದ ತಿಳಿಯುವುದೇನೆಂದರೆ, ಒಬ್ಬರ ಕಾರ್ಡಿಗೆ ಒಗ್ಗಿದ ವೇಗವು ಅದೇ ಹೆಸರಿನ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ. ಒಂದು ರೂಪದ ಬಯಾಸನ್ನು ಇನ್ನೊಂದಕ್ಕೆ ತುಂಬಿದರೆ ಕಾರ್ಡು ಏಳದೆಯೇ ಹೋಗಬಹುದು. ಆದುದರಿಂದ ಕಾರ್ಡಿನ ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಹಾಗೂ ರೂಪಾಂತರದ ಗುರುತನ್ನು ಮೊದಲು ಓದತಕ್ಕದ್ದು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಮೆಮೊರಿಯ ಜಾತಿ, ಅದರ ತಯಾರಕರು ಹಾಗೂ ಗಣನಾ ಘಟಕಗಳ ಸಂಖ್ಯೆಯನ್ನು ತೋರಿಸಿಕೊಡುತ್ತದೆ.

ಇನ್ನು ವೇಗವರ್ಧನೆಯ ವಿಚಾರ. ಚಿಪ್ಪಿನ ಕೆಲಸವು ಒಂದು ವಿದ್ಯುತ್ ಸ್ಪಂದನದ ತಾಳಕ್ಕೆ ನಡೆಯುತ್ತದೆ. ತಾಳವನ್ನು ಚುರುಕುಗೊಳಿಸಿದರೆ ಕೆಲಸವೂ ಚುರುಕಾಗುತ್ತದೆ. ಆದರೆ ತಾಳವು ಒಂದು ಮಿತಿಯನ್ನು ಮೀರಿದಾಗ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಚಿಪ್ಪಿನ ಚಟುವಟಿಕೆಗೆ ತಗಲುವ ವಿದ್ಯುತ್ತು ತಾಳದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ, 100 ವ್ಯಾಟ್ ಬಳಸುತ್ತಿದ್ದುದು ಸುಮಾರು 133 ವ್ಯಾಟ್ ಬಳಸತೊಡಗುತ್ತದೆ. ಅಂದರೆ ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ತಾಪವನ್ನು ತೆರಬೇಕು. ಇದಕ್ಕೆ ಪ್ರತಿಯಾಗಿ, ವೇಗವನ್ನು ಹಾಗೆಯೇ ಉಳಿಸಿ ವೋಲ್ಟೇಜನ್ನು ಶೇಕಡಾ 5ರಷ್ಟು ಇಳಿಸಿದರೆ ಸುಮಾರು 10 ವ್ಯಾಟ್ ಉಳಿಯುತ್ತದೆ. ಎಷ್ಟೋ ಕಾರ್ಡುಗಳು ಈ ಇಳಿಕೆಯನ್ನು ಸಹಿಸುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರುಗಳಂತಹ ಊರುಗಳಿಗೆ ಈ ಕ್ರಮವೇ ಹೆಚ್ಚು ಹಿತ. ಕೋಣೆಯ ತಾಪವು ಏರಿದಷ್ಟೂ ಚಿಪ್ಪಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ವೇಗವನ್ನು ಹೆಚ್ಚಿಸಲೇಬೇಕೆಂದಿದ್ದರೆ ಅದಕ್ಕೊಂದು ಕ್ರಮವುಂಟು. ಮೊದಲು ಫ್ಯಾನಿನ ಧೂಳನ್ನು ತೆಗೆದು, ಕಾರ್ಡು ಸಹಜ ಸ್ಥಿತಿಯಲ್ಲಿ ಸರಿಯಾಗಿ ನಡೆಯುವುದನ್ನು ಖಚಿತಪಡಿಸಿಕೊಳ್ಳಬೇಕು. ವೋಲ್ಟೇಜನ್ನು ಮುಟ್ಟದೆ, ಚಿಪ್ಪಿನ ವೇಗವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರಿಸಿ, ಪ್ರತಿ ಹೆಜ್ಜೆಯಲ್ಲಿಯೂ ಸಾಕಷ್ಟು ಹೊತ್ತು ಪರೀಕ್ಷಿಸಬೇಕು. ಮೆಮೊರಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಚಿತ್ರದಲ್ಲಿ ಚುಕ್ಕೆಗಳು ಮೂಡಿದರೆ, ಯಂತ್ರ ಸ್ತಬ್ಧವಾದರೆ, ಇಲ್ಲವೆ ವೇಗ ಏರಿಸಿದರೂ ಫಲಿತಾಂಶ ಇಳಿಯತೊಡಗಿದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ದೋಷವನ್ನು ತಾನೇ ಗುರುತಿಸಿ ಮಾಹಿತಿಯನ್ನು ಮರಳಿ ಕಳುಹಿಸುವ ಮೆಮೊರಿಗಳಲ್ಲಿ, ಈ ಇಳಿಕೆಯೇ ಮೊದಲ ಎಚ್ಚರಿಕೆ.

ವಿದ್ಯುತ್ ಪೂರೈಕೆಯ ಮಿತಿಯೂ ನೆನಪಿನಲ್ಲಿರಬೇಕು. ಮದರ್‌ಬೋರ್ಡಿನ ಕಾರ್ಡು ಕೂರುವ ಸ್ಥಾನದಿಂದ ಗರಿಷ್ಠ 75 ವ್ಯಾಟ್, 6 ಪಿನ್ನಿನ ತಂತಿಯಿಂದ 75 ವ್ಯಾಟ್, 8 ಪಿನ್ನಿನ ತಂತಿಯಿಂದ 150 ವ್ಯಾಟ್ ಎಂಬುದು ಒಪ್ಪಿತ ಮಾನ. 2016ರಲ್ಲಿ ಎಎಂಡಿ ಸಂಸ್ಥೆಯ ಆರ್‌ಎಕ್ಸ್ 480 ಕಾರ್ಡು ನಿಗದಿತ ವೇಗದಲ್ಲಿಯೇ ಮದರ್‌ಬೋರ್ಡಿನಿಂದ ಈ ಮಿತಿಯನ್ನು ಮೀರಿ ಸೆಳೆಯುತ್ತಿದ್ದುದು ಬೆಳಕಿಗೆ ಬಂದು, ಸಂಸ್ಥೆಯು ತಂತ್ರಾಂಶದ ಮೂಲಕ ಅದನ್ನು ಸರಿಪಡಿಸಿತು. ತಯಾರಕರ ಲೆಕ್ಕವೇ ಹೀಗೆ ತಪ್ಪಬಹುದಾದಲ್ಲಿ ಬಳಕೆದಾರರ ಜಾಗರೂಕತೆ ಇಮ್ಮಡಿಯಾಗಿರಬೇಕಾದುದು ನ್ಯಾಯ.

ಪ್ರಯೋಗಾಲಯದ ದೃಷ್ಟಿಯಿಂದ ನೋಡಿದರೆ, ವೇಗವರ್ಧನೆಯಿಂದ ದೊರೆಯುವುದು ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಲಾಭ. ಜಿಟಿ 1030ರ ಎರಡು ರೂಪಗಳ ನಡುವಿನ ಅಂತರವನ್ನು ಅದು ತುಂಬಲಾರದು. ಕೊಳ್ಳುವಾಗ ವಹಿಸಿದ ಎಚ್ಚರವು, ಕೊಂಡ ಮೇಲೆ ಮಾಡುವ ಸಾಹಸಕ್ಕಿಂತ ಹೆಚ್ಚಿನ ಫಲ ನೀಡುತ್ತದೆ. ವಿದ್ಯಾರ್ಥಿಯ ದಿನವಿಡೀ ನಡೆದ ಕೆಲಸವು ನಡುವೆ ನಿಂತು ಅಳಿಸಿಹೋದರೆ, ಗಳಿಸಿದ ಕೆಲವು ನಿಮಿಷಗಳಿಗೆ ಬೆಲೆಯಿಲ್ಲ. ದಾಸೋಹದಿಂದ ಬಂದ ವಸ್ತು ಬಹುಕಾಲ ಬಾಳಿ ಬಹುಜನಕ್ಕೆ ಒದಗಬೇಕು. ಆದುದರಿಂದ ಪಾಠದ ಯಂತ್ರಗಳನ್ನು ನಿಗದಿತ ವೇಗದಲ್ಲಿಯೇ ನಡೆಸಿ, ಪ್ರಯೋಗಕ್ಕೆಂದು ಹಳೆಯ ಕಾರ್ಡೊಂದನ್ನು ಪ್ರತ್ಯೇಕವಾಗಿರಿಸಿ, ಅಧ್ಯಾಪಕರ ಸಮ್ಮುಖದಲ್ಲಿ ಮಕ್ಕಳಿಗೆ ಅದರ ಮೇಲೆ ಈ ವಿದ್ಯೆಯನ್ನು ಕಲಿಸುವುದು ಉಚಿತವಾದ ಮಾರ್ಗ.