ಅಪ್ಪ ಕುಡಿಯುತ್ತಾರೆಯೇ?
ಪವಿತ್ರ ಕುಟುಂಬದ ಹಬ್ಬಕ್ಕೊಂದು ಚಿಂತನೆ



ಹನ್ನೆರಡು ವರ್ಷದ ಬಾಲಯೇಸು ಕಾಣದಾದಾಗ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಕಳವಳದಿಂದ ಹುಡುಕಿ, ಮೂರನೆಯ ದಿನ ದೇವಾಲಯದಲ್ಲಿ ಕಂಡುಕೊಂಡರೆಂದು ಸಂತ ಲೂಕರು ತಿಳಿಸುತ್ತಾರೆ. ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಕೆಲವು ಮನೆಗಳ ಕಥೆ ಇದಕ್ಕೆ ತಿರುವುಮುರುವು. ಕೊಯ್ಲಿನ ಕಾಲ, ಬಟವಾಡೆಯ ಸಂಜೆ. ಹನ್ನೆರಡರ ಮಗು ಟಾರ್ಚ್ ಹಿಡಿದು ಅಪ್ಪನನ್ನು ಹುಡುಕಿಕೊಂಡು ಹೊರಡುತ್ತದೆ.

ಭಕ್ತಿಯುಳ್ಳ ಮನೆಗಳಲ್ಲಿ ಈ ನೋವು ಇನ್ನೂ ಆಳ. ಜಪಸರ ಹೇಳಿಸುವ ಅಪ್ಪನ ಬಾಯಿಂದಲೇ ವಾಸನೆ ಬಂದರೆ ಮಗು ಯಾರಿಗೆ ಹೇಳೀತು? ಕ್ರಿಸ್ಮಸ್ಸಿಗೆ ಮನೆಯಲ್ಲೇ ವೈನ್ ಮಾಡುವವರು ನಾವು. ಹೀಗಾಗಿ 'ಹಬ್ಬಕ್ಕಲ್ಲವೇ' ಎಂಬ ಮಾತಿನಡಿ ಎಷ್ಟೋ ಸಂಗತಿಗಳು ಮುಚ್ಚಿಹೋಗುತ್ತವೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಚಟ ಬೇರೆ ಬಾಟಲಿಗೆ ದಾಟಿತು.

ಸಂಶಯ ಬಂದಾಗ ಏನನ್ನು ಗಮನಿಸಬೇಕು? ಬೆಳಿಗ್ಗೆ ಕೈ ನಡುಗುವುದು, ಕುಡಿದ ಮೇಲೆ ಅದು ನಿಲ್ಲುವುದು. ಸೌದೆಯ ಹಿಂದೆ ಬಾಟಲಿ ಬಚ್ಚಿಡುವುದು. ಸುಳ್ಳು ಹೇಳಿ ಸಾಲ ಮಾಡುವುದು. 'ಇಷ್ಟೇ ಸಾಕು' ಎಂದವರು ನಿಲ್ಲಿಸಲಾರದೆ ಹೋಗುವುದು. ತಾಯಿಯಾದರೂ ಲಕ್ಷಣ ಇವೇ. ಒಂದೇ ಗುರುತಿನಿಂದ ತೀರ್ಪು ಬೇಡ. ಕುಡಿದಿರುವಾಗ ಜಗಳವೂ ಬೇಡ. ಸಮಚಿತ್ತದಲ್ಲಿರುವಾಗ, 'ಅಪ್ಪಾ, ನಿನ್ನೆ ನೀವು ಬಿದ್ದದ್ದು ಕಂಡು ನನಗೆ ಹೆದರಿಕೆಯಾಯಿತು' ಎಂದು ಕಂಡದ್ದನ್ನಷ್ಟೇ ಹೇಳಬೇಕು.

ಆದರೆ ನಾಲ್ಕನೆಯ ಕಟ್ಟಳೆ ತಂದೆತಾಯಿಗಳನ್ನು ಗೌರವಿಸಲು ಹೇಳುತ್ತದಲ್ಲವೇ? ಹೌದು. ಆದರೆ ಗೌರವವೆಂದರೆ ರೋಗವನ್ನು ಬಚ್ಚಿಡುವುದಲ್ಲ. ಕ್ಷಯ ಬಂದ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅಗೌರವವೇ? ಮದ್ಯದ ಅವಲಂಬನೆಯೂ ಚಿಕಿತ್ಸೆ ಬೇಕಾದ ಕಾಯಿಲೆಯೇ. ರೂಢಿ, ಭಯ ಮುಂತಾದವು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವೆಂದು ಧರ್ಮಸಭೆಯ ಧರ್ಮೋಪದೇಶವೂ ಒಪ್ಪುತ್ತದೆ. ಹಾಗೆಂದು ಹೊಡೆತ ಬಡಿತವನ್ನು ಸಹಿಸಬೇಕಿಲ್ಲ. ಅಂಥ ರಾತ್ರಿ ತಾಯಿ ಮಕ್ಕಳು ನೆರೆಮನೆಗೆ ಹೋಗುವುದು ಪಾಪವಲ್ಲ.

ಎರಡು ತಪ್ಪುಗಳನ್ನು ನಾವು ಮಾಡಬಾರದು. ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿ, ದಿಢೀರನೆ ಕುಡಿತ ನಿಲ್ಲಿಸುವುದು ಮೊದಲನೆಯದು. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ಮೊದಲ ದಿನಗಳಲ್ಲೇ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಬೇಕೇ ಬೇಕು. ಊಟದಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದು ಎರಡನೆಯದು. ಅದರ ಮೇಲೆ ಅವರು ಕುಡಿದರೆ ಪ್ರಾಣವೇ ಹೋದೀತು.

ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ (1856–1925) ಹನ್ನೆರಡರ ಪ್ರಾಯದಲ್ಲೇ ಕುಡಿತಕ್ಕೆ ಬಿದ್ದವರು. ಅವರ ತಂದೆಯೂ ಕುಡುಕರೇ. 1884ರಲ್ಲಿ ಅವರು ಮೊದಲು ಮೂರೇ ತಿಂಗಳಿಗೆ ಪ್ರತಿಜ್ಞೆ ಮಾಡಿದರು, ಬಳಿಕ ಅದನ್ನು ಮುಂದುವರಿಸಿದರು. ದಿನದಿನದ ಪೂಜೆ, ಪ್ರಾರ್ಥನೆ ಅವರನ್ನು ಕೊನೆಯವರೆಗೂ ನಡೆಸಿದವು. 1975ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅವರನ್ನು ಪೂಜ್ಯರೆಂದು ಘೋಷಿಸಿದರು. ಪ್ರಾರ್ಥನೆ ವೈದ್ಯರ ಬದಲಿಗಲ್ಲ, ಜೊತೆಗೆ.

ಸಹಾಯ ದೂರವಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಇವೆ. ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳಿಗೆ 1098 ಇದೆ.

ಮಕ್ಕಳೇ, ಅಪ್ಪ ಕುಡಿಯುವುದು ನಿಮ್ಮ ತಪ್ಪಿನಿಂದಲ್ಲ. ನೀವು ಸಾಕಷ್ಟು ಪ್ರಾರ್ಥಿಸಲಿಲ್ಲವೆಂದೂ ಅಲ್ಲ. ನಂಬಿಕೆಯ ಒಬ್ಬರಿಗೆ ಹೇಳಿ: ಅಜ್ಜಿಗೆ, ಟೀಚರಿಗೆ, ಸಿಸ್ಟರಿಗೆ, ಗುರುಗಳಿಗೆ. ಹಿರಿಯರಾದ ನಾವು ಅದನ್ನು ಚರ್ಚಿನಂಗಳದ ಮಾತಾಗಿಸದೆ, ಆ ಮನೆಯ ಬಾಗಿಲು ತಟ್ಟೋಣ. ಮರಿಯಮ್ಮನವರೂ ಜೋಸೆಫರೂ ಮಗನನ್ನು ಮೊದಲು ಹುಡುಕಿದ್ದು ನೆಂಟರಿಷ್ಟರ ನಡುವೆ. ಟಾರ್ಚ್ ಹಿಡಿದ ಆ ಮಗುವಿನ ಜೊತೆ ಈ ಹಬ್ಬದಂದಾದರೂ ನಾವೂ ನಾಲ್ಕು ಹೆಜ್ಜೆ ನಡೆಯೋಣ.